ನೋವಿಲ್ಲದ ಪಟ್ಟಿ

"ಬೆಲ್ಟು ಒಸಿ ಸಡಿಲಾಗೈತೆ, ಅದೊಂದು ಬಿಗಿ ಮಾಡ್ಕೊಡಿ ಸಾಕು ಕಣವ್ವ. ಮಿಕ್ಕಿದ್ದೆಲ್ಲಾ ವಾಸಿಯಾಗೈತೆ," ಎನ್ನುತ್ತ ಕೆಂಚಮ್ಮ ಪಟ್ಟಿ ಕಟ್ಟಿದ್ದ ಬಲಗೈಯನ್ನು ಮೇಜಿನ ಮೇಲಿಟ್ಟಳು. ಮನೆಯಿಂದ ತಂದಿದ್ದ ಕರಿಬೇವಿನ ಕಟ್ಟನ್ನು ಎಡಗೈಯಲ್ಲಿ ಸುಮನಾಳ ಕಡೆಗೆ ತಳ್ಳಿದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬೈಯುವ ಮುಂಚೆಯೇ ಕರಿಬೇವು ಕೊಟ್ಟುಬಿಟ್ಟರೆ ಬೈಗುಳ ಅರ್ಧಕ್ಕೆ ಇಳಿಯುತ್ತದೆ ಎಂಬುದು ಅವಳ ಲೆಕ್ಕಾಚಾರ.

ರಾಮನಗರದ ಆ ಆಸ್ಪತ್ರೆಯಲ್ಲಿ ಕೈಕಾಲು ಸ್ವಾಧೀನಕ್ಕೆ ತರಿಸುವ ಕೋಣೆ ಸುಮನಾಳದು. ಬೈಯುವುದೂ ಅವಳಿಗೆ ಗೊತ್ತು, ನಗುವುದೂ ಗೊತ್ತು. ಕರಿಬೇವನ್ನು ಮೂಸಿ, ನಗುತ್ತಲೇ ಬೆಲ್ಟುಗಳನ್ನು ಬಿಡಿಸಿದಳು. ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿ ಮೊಣಕೈಯಿಂದ ಅಂಗೈಯವರೆಗೆ ತೋಳನ್ನು ಚಿಪ್ಪಿನಂತೆ ಹಿಡಿದಿತ್ತು. ಅದನ್ನು ಬಿಚ್ಚಿ ತಿರುಗಿಸಿ ನೋಡಿದವಳು ಮತ್ತೆ ನಗಲಿಲ್ಲ.

ಕೆಂಚಮ್ಮ ಮಾತ್ರ ಹೊಗಳಿಕೆಗೆ ಕಾಯುತ್ತಲೇ ಇದ್ದಳು. ಹೊಗಳಿಕೆಯೆಂದರೆ ಅವಳಿಗೆ ಒಂದು ಕೈ ಹೆಚ್ಚೇ ಇಷ್ಟ, ಅದರಲ್ಲಿ ಮುಚ್ಚುಮರೆಯಿಲ್ಲ. ಕೆಂಗಲ್ ಹತ್ತಿರ ಹಳೇ ರಸ್ತೆಯ ಪಕ್ಕದ ಅನಂತರಾಜುವಿನ ಹೋಟೆಲಿನಲ್ಲಿ ಮುದ್ದೆ ಮಾಡುವವಳು ಅವಳು. ಗಂಡ ತೀರಿಕೊಂಡ ವರ್ಷ ಆ ಒಲೆಯ ಮುಂದೆ ನಿಂತವಳು ಅಲ್ಲೇ ನೆಲೆಯೂರಿದ್ದಳು. ಹೊಸ ರಸ್ತೆಯಾಗಿ ಕಾರುಗಳೆಲ್ಲ ಊರಾಚೆಯೇ ಹಾದುಹೋಗುವಂತಾದ ಮೇಲೂ ಹೋಟೆಲು ಉಳಿದಿದೆಯೆಂದರೆ ಅದಕ್ಕೆ ತನ್ನ ಕೈಯೇ ಕಾರಣವೆಂದು ಅವಳು ನಂಬಿದ್ದಳು, ಅನಂತರಾಜುವೂ ಇಲ್ಲವೆಂದಿರಲಿಲ್ಲ. ನೀರಲ್ಲಿ ಅದ್ದಿದ ಎರಡು ಅಂಗೈಗಳ ನಡುವೆ ಸುಡುವ ಹಿಟ್ಟನ್ನು ಅವಳು ಉರುಳಿಸುವುದನ್ನು ನೋಡಲೆಂದೇ ಕೆಲವರು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅದೇ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮುಂಗೈ ಮುರಿದಿತ್ತು. ಮೂಳೆ ಕೂಡಿ ಸಿಮೆಂಟಿನ ಕಟ್ಟು ಬಿಚ್ಚಿದಾಗ ನೋಡಿದರೆ ಅಂಗೈ ನೆಲವನ್ನೇ ನೋಡುತ್ತಿತ್ತು, ಮೇಲಕ್ಕೆ ತಿರುಗುತ್ತಿರಲಿಲ್ಲ. ಆಗಲೇ ಸುಮನಾ ಈ ಪಟ್ಟಿ ಮಾಡಿಕೊಟ್ಟದ್ದು. ಹೋದಾಗಲೆಲ್ಲ ಅದನ್ನು ಬಿಸಿನೀರಿನ ತಟ್ಟೆಯಲ್ಲಿ ಅದ್ದಿ ಮೆತ್ತಗೆ ಮಾಡುತ್ತಿದ್ದಳು. ಕೆಂಚಮ್ಮನ ಅಂಗೈಯನ್ನು ಮೇಲಕ್ಕೆ, ಇನ್ನು ಆಗದೆನ್ನುವಷ್ಟು ತಿರುಗಿಸಿ ಹಿಡಿದು, ಪಟ್ಟಿ ಆರಿ ಗಟ್ಟಿಯಾಗುವ ತನಕ ಬಿಡುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಪಟ್ಟಿಯೇ ಆ ಕೈಯನ್ನು ಹಾಗೆ ಹಿಡಿದಿರುತ್ತಿತ್ತು. ಮುಂದಿನ ಸಲ ಇನ್ನೂ ಎಳ್ಳಷ್ಟು. ನೋವೆಂದರೆ ನೋವು, ಹಲ್ಲು ಕಚ್ಚಿಕೊಂಡು ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಅಂಗೈ ಒಂದಿಷ್ಟು ಎದ್ದಿತ್ತು, ಗೋಡೆಯನ್ನು ನೋಡುವಷ್ಟು.

"ಇದನ್ನ ಏನು ಮಾಡಿದ್ರಿ ಕೆಂಚಮ್ಮ?" ಎಂದಳು ಸುಮನಾ.

"ಏನ್ ಮಾಡ್ದೆ? ಹಾಕ್ಕೊಂಡೇ ಇವ್ನಿ. ಒಂದಿನಾನೂ ಬಿಚ್ಚಿಟ್ಟಿಲ್ಲ."

"ಬಿಸಿನೀರಿಗೆ ಹಾಕಿದ್ರಾ?"

"ಓ, ಅದಾ? ಅಕ್ಕೂರಲ್ಲಿ ನಮ್ ಯಜಮಾನ್ರ ಅಣ್ಣ ಅಂಕಯ್ಯನೋರು ಹೋಗ್ಬುಟ್ರು. ಮಣ್ಣಿಗೋಗಿ ಬಂದ್ಮ್ಯಾಕೆ ಮೈಮೇಲಿರೋದ್ನೆಲ್ಲ ನೀರಿಗೆ ಹಾಕ್ದೆ ಒಳಿಕೆ ಹೋಗಂಗಿಲ್ವಲ್ಲ. ಹಂಡೆ ನೀರು ಕುದೀತಿತ್ತು, ಅದ್ರಾಗೇ ಅದ್ದಿದೆ. ಮೆತ್ತಗಾಗೋಯ್ತು. ಎದೆ ಧಸಕ್ಕಂತು. ಆಮೇಕೆ ನೀವು ಮಾಡೋದ್ನ ನೋಡಿದ್ನಲ್ಲ, ಹಂಗೇ ತೋಳಿಗೆ ಹಾಕ್ಕೊಂಡು ಆರೋಗಂಟ ಬಟ್ಟೆ ಸುತ್ಕೊಂಡು ಕುಂತೆ. ಅವತ್ತಿಂದ ನೋವೇ ಇಲ್ಲ."

ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು. ಅವತ್ತು ಮನೆ ತುಂಬ ಅಳುವ ಜನ, ಹಿತ್ತಿಲಲ್ಲಿ ಸ್ನಾನಕ್ಕೆ ಕಾದವರ ಸಾಲು. ಅಂಥದರಲ್ಲೂ ಯಾರಿಗೂ ತೊಂದರೆ ಕೊಡದೆ, ಒಂದೇ ಕೈಯಲ್ಲಿ ಆಸ್ಪತ್ರೆಯ ಕೆಲಸವನ್ನು ತಾನೇ ಮಾಡಿಕೊಂಡಿದ್ದಳಲ್ಲ. ತಿಥಿ ಮುಗಿಯುವವರೆಗೂ ಅಲ್ಲೇ ಉಳಿದಳು. ಆಸ್ಪತ್ರೆಗೆ ಹೋಗಬೇಕಾದ ದಿನಗಳು ಹಾಗೇ ದಾಟಿಹೋದವು. ಊರಿಗೆ ಮರಳಿದ ಮೇಲೂ, ನೋವಿಲ್ಲದ ಕೈಗೆ ಡಾಕ್ಟರು ಯಾಕೆ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದಳು. ಕೆಂಗಲ್ ಆಂಜನೇಯನಿಗೆ ಕಾಯಿ ಒಡೆದು ಬಂದಳು. ಕೈಯನ್ನು ಹದವಾಗಿ ಬೆಚ್ಚಗೆ ಹಿಡಿದಿದ್ದ ಪಟ್ಟಿಯೊಳಗೆ ಬಹಳ ದಿನಗಳ ನಿದ್ದೆಯನ್ನೆಲ್ಲ ತೀರಿಸಿಕೊಂಡಳು.

"ಬಿಸಿನೀರು ತಾಕಿಸಬೇಡಿ ಅಂತ ಹೇಳಿದ್ದೆನಲ್ಲಮ್ಮ," ಸುಮನಾಳ ದನಿ ಏರಿತು.

"ಹೇಳಿದ್ರಿ. ಆದ್ರೆ ಸಾವಿನ ಮೈಲಿಗೆ ಅಲ್ವಾ?"

"ತಣ್ಣೀರು ಚಿಮುಕಿಸಿದ್ರೆ ಆಗ್ತಿರಲಿಲ್ವಾ?"

ಕೆಂಚಮ್ಮ ಯೋಚಿಸಿದಳು. "ಆಯ್ತಿತ್ತು," ಎಂದಳು ಮೆಲ್ಲಗೆ. ಹಂಡೆಯ ಪಕ್ಕದಲ್ಲೇ ತಣ್ಣೀರಿನ ತೊಟ್ಟಿಯೂ ಇತ್ತು. ಅದು ಆಗ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಸುಮನಾ ಅವಳ ಮುಷ್ಟಿಯೊಳಗೆ ಒಂದು ಪೆನ್ಸಿಲನ್ನು ನೆಟ್ಟಗೆ ಹಿಡಿಸಿ, ಹೊರಗಡೆಗೆ ವಾಲಿಸಲು ಹೇಳಿದಳು. ಪೆನ್ಸಿಲು ಕದಲಲಿಲ್ಲ. ಕೆಂಚಮ್ಮ ಭುಜ ವಾಲಿಸಿದಳು, ಸೊಂಟ ವಾಲಿಸಿದಳು, ಕುರ್ಚಿಯಿಂದ ಅರ್ಧ ಎದ್ದಳು. "ಭುಜ ಬೇಡಮ್ಮ, ಕೈ ಮಾತ್ರ," ಎಂದಳು ಸುಮನಾ. ಕೈ ಮಾತ್ರ ಒಪ್ಪಲಿಲ್ಲ.

"ನೋಡಿ, ಮೆತ್ತಗಾದ ಮೇಲೆ ನಾನು ನಿಮ್ಮ ಕೈನ ತಿರುಗಿಸಿ ಹಿಡ್ಕೋತಿದ್ದೆ. ಕೆಲಸ ಮಾಡ್ತಿದ್ದದ್ದು ಅದು. ಈ ಪ್ಲಾಸ್ಟಿಕ್ಕಿಗೆ ತಾನಾಗಿ ಏನೂ ಗೊತ್ತಿಲ್ಲ. ನೀವು ಹಾಕ್ಕೊಂಡಾಗ ಕೈ ಹೇಗಿತ್ತೋ ಹಾಗೇ ಅಚ್ಚಾಗಿದೆ."

"ಅಂಗಾರೆ ಇಷ್ಟು ದಿನ ಕಟ್ಕೊಂಡಿದ್ದು?"

ಸುಮನಾ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಕೆಳಗೆ ನೋಡೋ ಕೈನ ಕೆಳಕ್ಕೇ ಕಟ್ಟಿಹಾಕಿದ ಹಾಗಾಯ್ತಮ್ಮ," ಎಂದಳು.

ಅವಳು ಮತ್ತೆ ತಟ್ಟೆಯಲ್ಲಿ ನೀರು ಕಾಯಿಸಿದಳು. ಪಟ್ಟಿ ಹಂಡೆಯಲ್ಲಿ ಆದ ಹಾಗೆಯೇ ಸೋತು ಬಾಗುವುದನ್ನು ಕೆಂಚಮ್ಮ ನೋಡಿದಳು. ಸುಮನಾ ಅವಳ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸತೊಡಗಿದಳು. "ನೋಯ್ಲಿ, ನೋಯ್ಲಿ, ಬುಡ್ಬ್ಯಾಡಿ," ಎಂದಳು ಕೆಂಚಮ್ಮ. ಎಷ್ಟೋ ರಾತ್ರಿ ಯಾವುದನ್ನು ಶಪಿಸಿದ್ದಳೋ ಆ ನೋವನ್ನೇ ಈಗ ಬಾ ಬಾ ಎಂದು ಕರೆದಳು. ನೋವು ಬಂತು, ಕಣ್ಣಲ್ಲಿ ನೀರೂ ಬಂತು. ಅಂಗೈ ಬರಲಿಲ್ಲ. ಪಟ್ಟಿಯನ್ನು ಮತ್ತೆ ಮತ್ತೆ ಅದ್ದಿ ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಸುಮನಾಳೇ ಕೈಬಿಟ್ಟು ಕುಳಿತಳು.

ಮೂಳೆ ಡಾಕ್ಟರೂ ನೋಡಿದರು. ಎರಡು ಮೂಳೆಗಳ ನಡುವಿನ ಪೊರೆ ಗಿಡ್ಡವಾಗಿ ಬಿಗಿದುಕೊಂಡಿದೆ, ಪಟ್ಟಿಯಿಂದ ಎಳೆಯುವ ಕಾಲ ಮೀರಿತು, ಆಪರೇಷನ್ ಮಾಡಬಹುದು, ಆದರೆ ತಿರುಗುತ್ತದೆಂದು ಮಾತು ಕೊಡಲಾರೆ ಎಂದರು. ಇವಳ ವಯಸ್ಸಿಗೆ ಬೇಡವೆಂದೂ ಹೇಳಿದರು. ಸುಮನಾ ಅದನ್ನೆಲ್ಲ ಬಿಡಿಸಿ ಹೇಳಿ, "ಬಾಕಿ ಕೆಲಸ ಎಲ್ಲ ಮಾಡ್ಕೋಬಹುದು. ಅಂಗೈ ಮೇಲೆ ಬರೋದು ಮಾತ್ರ ಇನ್ನು ಆಗಲ್ಲಮ್ಮ," ಎಂದಳು.

"ನನ್ನ ಕೆಲ್ಸನೇ ಅದಲ್ವಾ ಅವ್ವ," ಎಂದಳು ಕೆಂಚಮ್ಮ.

ಬಸ್ಸಿನಲ್ಲಿ ಅವಳು ಪಟ್ಟಿಯಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅವಳಿಗೆ ಸುಮನಾಳ ಮೇಲೆ ಸಿಟ್ಟಿರಲಿಲ್ಲ, ಸತ್ತ ಅಂಕಯ್ಯನ ಮೇಲೂ ಇರಲಿಲ್ಲ. ಸಿಟ್ಟಿಗೆ ಒಂದು ಆಸರೆಯಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಪ್ರತಿ ರಾತ್ರಿ ಸುಖವಾಗಿ ಮಲಗಿದ್ದಾಗ ಒಳಗೆ ಕೈ ಕೆಡುತ್ತಿತ್ತು. ಅದು ಕೆಡುತ್ತಿದ್ದುದಕ್ಕೇ ತಾನು ದೇವರಿಗೆ ಕಾಯಿ ಒಡೆದು ಕೈಮುಗಿದು ಬಂದೆನಲ್ಲ ಎಂಬುದು ನೆನಪಾಯಿತು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಾದುಹೋಗುತ್ತಿದ್ದವು. ಬದುಕು ಇಷ್ಟು ಹಗುರವಾಗಿ ಕೈಜಾರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಗಲ್ಲಾದಲ್ಲಿದ್ದ ಅನಂತರಾಜು ಎದ್ದು ನಿಂತ. "ಏನಂದ್ರಕ್ಕಾ? ಯಾವತ್ತಿಂದ ಬತ್ತೀಯಾ?"

ಅವಳು ನೇರ ಅಡುಗೆಮನೆಗೆ ನಡೆದಳು. ಬದಲಿಗೆ ಬಂದಿದ್ದ ಸಿದ್ದಮ್ಮ ಆಗಷ್ಟೇ ಹಿಟ್ಟು ತಿರುವಿ, ಕೋಲು ತೆಗೆದಿಟ್ಟಿದ್ದಳು. ಕೆಂಚಮ್ಮನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಜಾಗ ಬಿಟ್ಟುಕೊಡುವಾಗ ಅವಳ ಮುಖ ಇಳಿದದ್ದೂ ನಿಜ. ಅವಳಿಗೂ ಮನೆಯಿತ್ತು, ಮಕ್ಕಳಿದ್ದರು.

ಕೆಂಚಮ್ಮ ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿದಳು. ಹಬೆಯಾಡುವ ಹಿಟ್ಟಿನಿಂದ ಒಂದು ಮುದ್ದೆಯಷ್ಟನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈಗೆ ಉರುಳಿಸಿದಳು. ಬಟ್ಟಲಾಗಬೇಕಿದ್ದ ಅಂಗೈ ಮೇಲಕ್ಕೆ ತಿರುಗದೆ ಓರೆಯಾಗಿ ನಿಂತಿತು. ಹಿಟ್ಟು ಅದರ ಮೇಲಿಂದ ಜಾರಿ, ಹಲಗೆಯ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಹೊರಗೆ ಯಾರೋ "ಇನ್ನೊಂದು ಹಿಟ್ಟು" ಎಂದು ಕೂಗಿದರು. ಸಿದ್ದಮ್ಮ ಮುಂದೆ ಬಂದು, ಕೈ ಒದ್ದೆ ಮಾಡಿಕೊಂಡು ಒಂದು ಮುದ್ದೆ ಕಟ್ಟಿ ಕಳಿಸಿದಳು. ಮುದ್ದೆ ಬೇರೆ ಕೈಯದೆಂದು ತಿಂದವರು ಯಾರೂ ತಲೆ ಎತ್ತಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅನಂತರಾಜು ಎಲ್ಲವನ್ನೂ ನೋಡಿದ್ದ. "ಆಗಲ್ವಂತಾ?" ಎಂದ.

"ಆಗಲ್ವಂತೆ."

"ಇರ್ಲಿ ಬುಡಕ್ಕ. ಮೊದ್ಲು ಉಣ್ಣು," ಎಂದ ಅವನು. ಕೆಟ್ಟ ಮನುಷ್ಯನಲ್ಲ. ಆದರೆ ಅವಳ ಕಣ್ಣು ತಪ್ಪಿಸಿ ಸಿದ್ದಮ್ಮನಿಗೆ, "ನಾಳೆ ಒಸಿ ಬೇಗ್ನೆ ಬಾ," ಎಂದು ಹೇಳಿಯೇ ಗಲ್ಲಾಕ್ಕೆ ಹೋದ.

ಸಿದ್ದಮ್ಮ ಒಲೆಯ ಪಕ್ಕದ ಮಣೆಯ ಮುಂದೆ ತಟ್ಟೆಯಿಟ್ಟು ಮುದ್ದೆ ಹಾಕಿ, ಮಸ್ಸೊಪ್ಪಿನ ಸಾರು ಬಡಿಸಿದಳು. ತುತ್ತನ್ನು ಬಾಯಿಗೊಯ್ಯಲೂ ತಿರುಗದ ಆ ಬಲಗೈಯನ್ನು ನೋಡಿ, ಸಕ್ಕರೆ ಡಬ್ಬಿಯಲ್ಲಿದ್ದ ಚಮಚವನ್ನು ತೊಳೆದು ತಂದು ತಟ್ಟೆಯ ಅಂಚಿಗಿಟ್ಟಳು. ಆ ಹೋಟೆಲಿನಲ್ಲಿ ಯಾರೂ ಚಮಚದಲ್ಲಿ ಮುದ್ದೆ ಉಂಡವರಿಲ್ಲ. ಕೆಂಚಮ್ಮ ಅದನ್ನು ಎಡಗೈಗೆ ತೆಗೆದುಕೊಂಡಳು. ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಹಿಟ್ಟು ಚಮಚವನ್ನು ಬಿಟ್ಟು ಬರಲಿಲ್ಲ. ಚಮಚವನ್ನು ಹೊರಗೆಳೆದು, ಮತ್ತೆ ಸಾರಿನಲ್ಲಿ ಅದ್ದಿದಳು.