ಬಹುವಚನ

“ಅಲ್ಲ, ಕೂತ್ಕೊಳ್ಳಿ ಅಂದಿದ್ದು ತಪ್ಪಾ?”

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮೇಲ್ವಿಚಾರಕಿ ಗೋಡೆಯನ್ನು ಕೇಳಿದಂತಿತ್ತು. ಮುಂಗೈಯಿಂದ ಇಳಿದ ರಕ್ತ ಬಳೆಯ ಅಂಚಿನಲ್ಲಿ ನಿಂತು ತೊಟ್ಟಿಕ್ಕುತ್ತಿತ್ತು. ಹಲ್ಲಿನ ಗುರುತು ಮೇಲೊಂದು ಸಾಲು, ಕೆಳಗೊಂದು ಸಾಲು.

ಮನೆ ಬಿಟ್ಟು ಓಡಿಬಂದ ಮಕ್ಕಳನ್ನು ಇರಿಸಿಕೊಳ್ಳುವ ಆಶ್ರಯ ಅದು. ಇಲ್ಲಿ ಆಕೆ ಬೈಸಿಕೊಂಡಿದ್ದಳು, ಉಗುಳಿಸಿಕೊಂಡಿದ್ದಳು. ಕಚ್ಚಿಸಿಕೊಂಡದ್ದು ಇದೇ ಮೊದಲು. ಈ ಮಕ್ಕಳನ್ನು ಯಾರೂ ಮರ್ಯಾದೆ ಕೊಟ್ಟು ಮಾತಾಡಿಸಿಲ್ಲ, ನಾವಾದರೂ ಮಾತಾಡಿಸೋಣ ಎಂಬುದು ಆಕೆಯದೇ ನಿಯಮ. ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗಿಯನ್ನು ಬೆಳಿಗ್ಗೆ ಪೇದೆ ತಂದು ಬಿಟ್ಟಿದ್ದ. “ಬನ್ನಿ, ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದದ್ದೇ ತಡ, ಹುಡುಗಿ ಕೈಗೆ ಬಾಯಿ ಹಾಕಿ, ಬಿಡಿಸಿಕೊಂಡು ಅಡುಗೆಮನೆಗೆ ಓಡಿದ್ದಳು.

ಅಲ್ಲಿಂದ ಅಡುಗೆಯವಳ ದನಿ ಕೇಳಿಸಿತು.

“ಏ ಮೂದೇವಿ, ನನ್ನ ಸಿಲಿಂಡರ್ ತಬ್ಕೊಂಡು ಕೂತಿದ್ದೀಯಲ್ಲ, ಅದೇನು ನಿನ್ನ ಗಂಡನಾ? ಎದ್ದು ಬಾರೇ. ಗಂಜಿ ಆರುತ್ತೆ.”

ಹುಡುಗಿ ಎದ್ದು ಬಂದಳು. ಮೇಲ್ವಿಚಾರಕಿ ಬಾಗಿಲ ಹೊರಗೇ ನಿಂತಳು.

“ಯಾಕೆ ಕಚ್ಚಿದ್ಯೇ ನಮ್ಮಕ್ಕನ್ನ?”

“ಹೊಡೀತಾರೆ ಅಂತ.”

“ಅವಳಾ? ಬೋನಿಗೆ ಬಿದ್ದ ಇಲೀನೂ ಆಚೆ ಬಿಟ್ಟು ಬರ್ತಾಳೆ ಅವಳು.”

“ಕೂತ್ಕೊಳ್ಳಿ ಅಂದ್ರು.”

ಹುಡುಗಿಯ ಅಪ್ಪ ಬಟ್ಟೆ ಅಂಗಡಿಯಲ್ಲಿ ಬಟ್ಟೆ ತೋರಿಸುವವನು. ಹಗಲೆಲ್ಲ “ಬನ್ನಿ, ಕೂತ್ಕೊಳ್ಳಿ, ಏನು ತೋರಿಸ್ಲಿ?” ಎನ್ನುವ ಬಾಯಿ. ಮನೆಗೆ ಬಂದರೂ ಅದೇ ಮಾತು, ಅದೇ ನಗು. ಆದರೆ ಅಲ್ಲಿ ತೋರಿಸಲು ಇದ್ದವು ಎರಡೇ: ಬೆಲ್ಟು, ಇಲ್ಲವೇ ಬಟ್ಟೆ ಅಳೆಯುವ ಕಬ್ಬಿಣದ ಕಡ್ಡಿ. ಆರಿಸಬೇಕಾದವಳು ಮಗಳು. ಆರಿಸದಿದ್ದರೆ ಎರಡೂ.

“ಅಮ್ಮನಿಗೂ ಹಂಗೇ ಅಂತಾರೆ. ಅಮ್ಮನಿಗೀಗ ಒಂದು ಕಿವಿ ಕೇಳ್ಸಲ್ಲ,” ಎಂದಳು, ಗಂಜಿ ಊದುತ್ತ. ಅಂಗಿಯ ತೋಳು ಸರಿದಾಗ ಕಡ್ಡಿಯ ಗೆರೆಗಳು ಕಂಡವು. ಹಳೆಯವು ಕಪ್ಪಗೆ, ಹೊಸವು ಕೆಂಪಗೆ, ಒಂದರ ಮೇಲೊಂದು.

ಅಡುಗೆಯವಳು ತಟ್ಟೆಗೆ ಇನ್ನೊಂದು ಸೌಟು ಗಂಜಿ ಹಾಕಿದಳು.

ಮಧ್ಯಾಹ್ನ ಪೇದೆ ಮತ್ತೆ ಬಂದ; ಜೊತೆಗೆ ಅಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಗಿದ ಕೈ. ಅಡುಗೆಮನೆಯ ಕಡೆ ನೋಡಿ ಕರೆದ:

“ಬನ್ನಿ ಅಮ್ಮಾವ್ರೇ, ಮನೆಗೆ ದಯಮಾಡಿಸಿ. ನಿಮ್ಮಮ್ಮ ಊಟ ಬಿಟ್ಟು ಕೂತಿದ್ದಾರೆ.”

ಪೇದೆ ಕರಗಿಹೋದ. “ನೋಡಿ ಮೇಡಂ! ನಮ್ಮಪ್ಪ ನನ್ನನ್ನ ಕತ್ತೆ ಅನ್ನೋದು ಬಿಟ್ಟು ಬೇರೆ ಹೆಸರಲ್ಲಿ ಕರೀಲೇ ಇಲ್ಲ. ಇವರು ಮಗಳಿಗೆ ಬಹುವಚನ! ಇಂಥಾ ಅಪ್ಪನ್ನ ಬಿಟ್ಟು ಯಾರಾದ್ರೂ ಓಡ್ತಾರಾ?”

ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಹುಡುಗಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು.

ಮೇಲ್ವಿಚಾರಕಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. “ಅವಳ ತೋಳು ನೋಡಿದೀನಿ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಲಿ. ಆಮೇಲೆ ಮಾತು.”

“ಎಷ್ಟು ಹೊತ್ತು ನಿಂತಿರ್ತೀರಿ ಮೇಡಂ, ಕಾಲು ನೋಯುತ್ತೆ,” ಎಂದ ಅಪ್ಪ, ನಗುತ್ತಲೇ. “ಕೂತ್ಕೊಳ್ಳಿ.”

ಎರಡೂ ಕೈಯಿಂದ ನೂಕಿದ. ಬಾಗಿಲ ಪಟ್ಟಿಗೆ ತಲೆ ಬಡಿದು ಆಕೆ ಕುಸಿದಳು. ಅವನು ಆಕೆಯನ್ನು ದಾಟಿ, ಥಾನಿನ ಬಟ್ಟೆ ಸುತ್ತುವಂತೆ ಹುಡುಗಿಯ ಕೂದಲನ್ನು ಕೈಗೆ ಸುತ್ತಿಕೊಂಡು ಎಳೆದ. ಅವಳ ಗದ್ದ ಹೊಸ್ತಿಲಿಗೆ ಬಡಿದು ಹಲ್ಲು ಮುರಿಯಿತು. ಅವನ ದನಿ ಮಾತ್ರ ಏರಲಿಲ್ಲ. “ಬನ್ನಿ, ಬನ್ನಿ, ಮೆತ್ತಗೆ.” ಅಡುಗೆಯವಳು ಕೈಗೆ ಸಿಕ್ಕ ಕುಟ್ಟಾಣಿ ಎತ್ತಿಕೊಂಡು ಬಂದಳು, ಹೊಟ್ಟೆಗೆ ಒದೆ ಬಿದ್ದು ಮಡಚಿಕೊಂಡಳು, ಕುಟ್ಟಾಣಿ ಉರುಳಿತು. ಪೇದೆ ಹಿಂದಿನಿಂದ ಅಪ್ಪನ ಸೊಂಟ ಹಿಡಿದು ಜಗ್ಗಿದ. ಇಬ್ಬರೂ ನೆಲಕ್ಕೆ ಬಿದ್ದರು. ಕೂದಲು ಸುತ್ತಿದ ಕೈ ಸಿಮೆಂಟಿನ ಮೇಲೆ ಅಂಗಾತ ಬಿತ್ತು.

ಹುಡುಗಿ ಕುಟ್ಟಾಣಿ ಎತ್ತಿ ಆ ಕೈಯ ಮೇಲೆ ಇಳಿಸಿದಳು. ಮತ್ತೆ ಇಳಿಸಿದಳು. ಒಣಸೌದೆ ಮುರಿದಂತೆ ಲಟಲಟನೆ ಸದ್ದಾಯಿತು.

“ಲೇ ಮುಂಡೇ! ಕೊಂದ್ಹಾಕ್ತೀನಿ ಕಣೇ ನಿನ್ನ!” ಅಪ್ಪ ಅರಚಿದ.

ಆ ಮಾತು ಕೇಳಿ ಹುಡುಗಿಯ ಬಿಗಿದ ಭುಜಗಳು ಸಡಿಲವಾದವು. ಬೈಗುಳಕ್ಕೆ ಅವಳು ಯಾವತ್ತೂ ಹೆದರಿದವಳಲ್ಲ.

ಪೇದೆ ಕುಟ್ಟಾಣಿ ಕಿತ್ತುಕೊಂಡ. ಅಪ್ಪ ಜಜ್ಜಿದ ಕೈಯನ್ನು ಎದೆಗೊತ್ತಿಕೊಂಡು ಎದ್ದು ಕೂತ. ಉಸಿರು ಹದಕ್ಕೆ ಬಂದಂತೆ ದನಿಯೂ ಹದಕ್ಕೆ ಬಂತು. “ನೀವೇ ಸಾಕ್ಷಿ ಸಾರ್. ಈ ಕೈಯೇ ನನ್ನ ಅನ್ನ. ಆದ್ರೂ ದೂರು ಕೊಡಲ್ಲ. ನನ್ನ ಮಗಳನ್ನ ನನಗೆ ಕೊಡ್ಸಿ, ಸಾಕು.”

ಪೇದೆ ಟೊಪ್ಪಿಗೆ ಹುಡುಕಿ ತಲೆಗಿಟ್ಟುಕೊಂಡ. ಮೇಲ್ವಿಚಾರಕಿಯ ಮುಖ ನೋಡಲಾರದೆ ನೆಲ ನೋಡಿ ಹೇಳಿದ:

“ಮೇಡಂ, ಅವರಿಗೂ ಪೆಟ್ಟಾಯ್ತು, ನಿಮಗೂ ಆಯ್ತು. ಅಪ್ಪನ ಕೈ ಮುರಿದಳು ಅಂತ ಕೇಸಾದ್ರೆ ಹುಡುಗಿಗೇ ಕಷ್ಟ. ಇಲ್ಲಿ ಹೀಗಾಯ್ತು ಅಂದ್ರೆ ನಿಮ್ಮ ಆಶ್ರಯಕ್ಕೂ ಬೀಗ ಬೀಳುತ್ತೆ. ಕೈಮುಗಿದು ಕೇಳ್ತೀನಿ. ಕಳಿಸ್ಬಿಡಿ.”

ಆಕೆ ಬಾಗಿಲ ಪಟ್ಟಿ ಹಿಡಿದು ಎದ್ದಳು. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಬೀಗ ಹಾಕ್ಸಿ,” ಎಂದಳು. “ಕಳಿಸಲ್ಲ.”