ಕಾಶಿಯ ಒಲೆಯ ಬಿಸಿ

"ಕಾಶಕ್ಕಾ, ಮೇಜಿನ ಮೇಲಿದ್ದ ಕಲ್ಲು ಎಲ್ಲೋಯ್ತು?"

"ಯಾವ್ದೇ? ಆ ಉರುಟು ಕರಿ ಕಲ್ಲಾ? ಇವ್ರ ಸೊಂಟದ ಮೇಲದೆ."

ನಾಗಶ್ರೀ ಒಳಗೆ ಓಡಿದಳು. ಬಲೆ ಎಳೆಯುವಾಗ ಸೊಂಟ ಹಿಡಿದಿದ್ದ ಕಾಶಿಯ ಗಂಡ ಪುಂಡಲೀಕ ಚಾಪೆಯ ಮೇಲೆ ಬೋರಲು ಮಲಗಿದ್ದ. ಅವನ ಬೆನ್ನಿನ ಮೇಲೆ, ಹಳೆ ಲುಂಗಿಯ ತುಂಡಿನಲ್ಲಿ ಸುತ್ತಿದ ಕಲ್ಲು.

"ಭಾರೀ ಕಲ್ಲು ತಂಗೀ! ನೋವು ಈಗ ಗೋವೆ ದಾಟಿರ್ಬೇಕು" ಎಂದ.

ಅವಳು ಕಲ್ಲನ್ನೆತ್ತಿಕೊಂಡಳು. ಇನ್ನೂ ಬಿಸಿಯಿತ್ತು. "ಒಲೇಲಿ ಇಟ್ಟಿದ್ರಾ?"

"ಮತ್ತೆ? ನೀನೂ ಬಂದಾಗಿಂದ ಕಲ್ಲೇ ಕಾಯಿಸ್ತಿದ್ಯಲೆ" ಎಂದಳು ಕಾಶಿ. "ನಿನ್ನ ಕೆಲ್ಸ ಅರ್ಧ ಮುಗೀತು ಅಂದ್ಕ."

ಬಂಡೆಗಳ ಸಂಶೋಧನೆಗೆಂದು ಕಾರವಾರದಿಂದ ಬಂದ ನಾಗಶ್ರೀ ಬೆಳಂಬಾರದ ಈ ಮನೆಯ ಹಿಂದಿನ ಕೋಣೆ ಹಿಡಿದು ಎರಡು ತಿಂಗಳಾಗಿತ್ತು. ಈಗ ಅಲ್ಲಿ ಕೂರಲಾಗದೆ ಅಂಗಳಕ್ಕೆ ಹೋದಳು, ತಿರುಗಿ ಬಂದಳು. ಆ ಕಲ್ಲನ್ನು ಕೊರೆದು ತೆಗೆದಿದ್ದ ಬಂಡೆ ರಸ್ತೆ ಕೆಲಸಕ್ಕೆ ಒಡೆದುಹೋಗಿತ್ತು. ಬಂಡೆ ಕುದಿದು ಆರಿದ ಕಾಲದಲ್ಲಿ ಹಿಡಿದುಕೊಂಡ ಭೂಮಿಯ ಕಾಂತಶಕ್ತಿ ಉಳಿದದ್ದು, ದಿಕ್ಕಿನ ಬಾಣ ಬರೆದ ಈ ಒಂದು ತುಂಡಿನಲ್ಲಿ. ಕಾಯಿಸಿದಷ್ಟೂ ಆ ಶಕ್ತಿ ಕಳಚುತ್ತದೆ; ಐವತ್ತೈವತ್ತು ಡಿಗ್ರಿ ಏರಿಸುತ್ತ, ಪ್ರತಿ ಸಲ ಎಷ್ಟು ಕಳಚಿತೆಂದು ಅಳೆಯಬೇಕಿತ್ತು. ಇದನ್ನೋ ಒಮ್ಮೆಯೂ ಅಳೆದಿರಲಿಲ್ಲ. ಒಲೆ ಎಷ್ಟು ತಿಂದಿತೆಂದು ತಿಳಿಯುವುದು ಹೇಗೆ?

ಅವಳ ಮುಖ ನೋಡಿ ಕಾಶಿಯ ನಗು ನಿಂತಿತು. "ಹಾಳಾಯ್ತನೇ?"

"ಎಷ್ಟು ಬಿಸಿ ಮಾಡಿದ್ರಿ?"

"ನೀರು ಚಿಮುಕಿಸಿದ್ರೆ ಚುಂಯ್ ಅಂದು ಹಾರೂವಷ್ಟು."

"ಇನ್ನೊಂದು ಸಲ ಅಷ್ಟೇ ಬಿಸಿ ಮಾಡೂಕೆ ಆಗ್ತದಾ? ಚೂರೂ ಹೆಚ್ಚು ಕಮ್ಮಿ ಆಗ್ದೆ?"

"ಈ ಕೇರೀಲಿ ಎಷ್ಟು ಬಾಣಂತೀರಿಗೆ ಶಾಖ ಕೊಟ್ಟಿದ್ದೆ, ಒಬ್ಳ ಚರ್ಮ ಸುಟ್ಟಿದ್ದಿಲ್ಲ. ತಾ ಇಲ್ಲಿ."

ಅದೇ ಬಂಡೆಯ, ಬಾಣದ ಗುರುತಿಲ್ಲದ ಚೂರೊಂದಿತ್ತು. ನಾಗಶ್ರೀ ಅದನ್ನು ತನ್ನ ಕೋಣೆಯಲ್ಲಿದ್ದ ಕಾಂತಶಕ್ತಿ ಅಳೆಯುವ ಯಂತ್ರದಲ್ಲಿಟ್ಟು ಅಳೆದು ಕೊಟ್ಟಳು. ಕಾಶಿ ತೆಂಗಿನ ಸಿಪ್ಪೆಯ ಕೆಂಡ ಕೆದಕಿ ಚೂರನ್ನು ಹುಗಿದಳು, ಹೊರಳಿಸಿದಳು, ನೀರು ಚಿಮುಕಿಸಿದಳು, ಮತ್ತೆ ಹುಗಿದಳು. ಹೊರತೆಗೆದ ಮೇಲೂ ಆರುವವರೆಗೆ ಕಾಯಬೇಕಿತ್ತು. ನಾಗಶ್ರೀ ನಾಲ್ಕು ಸಲ ಮುಟ್ಟಿ ನೋಡಿದಳು.

"ಕಲ್ಲೂ ಹೆರಿಗೆಗೆ ಬಂದಂಗೆ ಮಾಡ್ತೀರಲೇ" ಎಂದು ಪುಂಡಲೀಕ ಒಳಗಿನಿಂದ ಕೂಗಿದ.

"ನೀವು ಸುಮ್ನೆ ಬಿದ್ಕಣಿ!"

ಯಂತ್ರ ತಿರುಗಿ ನಿಂತಿತು. ನಾಗಶ್ರೀ ಅಂಕಿಯನ್ನು ಎರಡು ಸಲ ಓದಿದಳು.

"ಹತ್ತರಲ್ಲಿ ಎರಡು ಪಾಲು ಹೋಗದೆ. ಎಂಟು ಉಳಿದದೆ, ಕಾಶಕ್ಕಾ. ಬಾಣದ ಕಲ್ಲಲ್ಲೂ ಅಷ್ಟೇ ಉಳಿದಿರ್ತದೆ. ಇಲ್ಲಿಂದ ಮುಂದೆ ಕಾಯಿಸ್ಬಹುದು."

ಅವಳು ಪುಸ್ತಕ ತೆರೆದಳು. ಇನ್ನೂರು, ಇನ್ನೂರೈವತ್ತು ಎಂದು ಡಿಗ್ರಿ ಬರೆದಿಟ್ಟ ಸಾಲುಗಳ ಮೇಲೆ, ಮೊದಲ ಬಿಸಿಗೆಂದು ಒಂದು ಖಾಲಿ ಚೌಕವಿತ್ತು. ಸ್ವಲ್ಪ ಯೋಚಿಸಿ ಅಲ್ಲಿ ಬರೆದಳು.

"ಎಂತ ಬರ್ದೆ?"

"ನಿಮ್ಮ ಹೆಸ್ರು."

ಕಾಶಿ ಬೂದಿಯ ಕೈಗಳನ್ನು ಹಿಂದೆ ಕಟ್ಟಿಕೊಂಡು, ಹಾಳೆಗೆ ತಾಗದಂತೆ, ಆ ಎರಡು ಅಕ್ಷರಗಳ ಮೇಲೆ ಬಗ್ಗಿದಳು.