ಕುಬರಾ ಬರೆದ ಒಂದು ಪುಟ

ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂಬತ್ತು ತಿಂಗಳಾಗಿತ್ತು. ಭಾಲ್ಕಿಯ ಕುಬರಾ ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಅರ್ಜಿ ಹಾಕುವವಳಿದ್ದಳು. ತಾನು ಯಾರು, ಯಾಕೆ ಓದಬೇಕು ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಜೊತೆಗೆ ಕಳಿಸಬೇಕಿತ್ತು. ತಂದೆ ಉಸ್ಮಾನ ಮಿಯಾ ಕಚೇರಿಯ ಮುಂದೆ ಕೂತು ಉರ್ದುವಿನಲ್ಲಿ ಜನರ ಅರ್ಜಿ ಬರೆದುಕೊಡುತ್ತಿದ್ದವರು. ಅವರ ಅರ್ಜಿಗಳಲ್ಲಿ ಅರ್ಧ ಪುಟ ದೊಡ್ಡವರ ಹೊಗಳಿಕೆಗೇ ಹೋಗುತ್ತಿತ್ತು. ಕಾರ್ಯಾಚರಣೆಯ ಬೆನ್ನಿಗೇ, ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮುಸಲ್ಮಾನರ ಮೇಲೆ ಸೇಡಿಗೆ ಹೊರಟ ಗುಂಪೊಂದು ಅವರನ್ನು ಮನೆಯಿಂದ ಎಳೆದೊಯ್ದಿತು. ಹೆಣವೂ ಸಿಗಲಿಲ್ಲ.

ಎದುರುಮನೆಯ ಗೋರಖನಾಥ ಮಾಸ್ತರರು ಅವಳಿಗೆ ಇಂಗ್ಲಿಷ್ ಕಲಿಸಿದವರು. ತಿದ್ದಿಕೊಡುತ್ತೇನೆಂದು ತಾವಾಗಿಯೇ ಬಂದಿದ್ದರು. ಮೊದಲ ಸಲ ಬರೆದದ್ದನ್ನು ಓದಿ ತಲೆಯಲ್ಲಾಡಿಸಿದರು.

"ಭಿಕ್ಷಾ ಬೇಡಿದಾಂಗ ಅದ. ದಿಕ್ಕಿಲ್ಲದಾಕಿ ಅಂತ ನಾಕ್ ಸಲ ಬರದಿ. ಓದಿದವ್ರು ಅಯ್ಯೋ ಅಂದು ಬಾಜೂಕ ಇಡ್ತಾರ. ನೀ ಏನ್ ಮಾಡೀದಿ, ಅದನ್ನ ಬರಿ."

ಕುಬರಾ ಎರಡು ದಿನ ಕೂತು ಬೇರೆ ಬರೆದಳು. ಓಣಿಯ ಹುಡುಗಿಯರಿಗೆ ಓದು ಕಲಿಸಿದ್ದು, ಮುಂದೆ ಟೀಚರಾಗುವ ಆಸೆ, ತಂದೆ ಹೋದ ದಿನ, ಎಲ್ಲ ಬಂದಿತ್ತು. "ಛಂದ ಅದ" ಎನ್ನುತ್ತಲೇ ಓದುತ್ತಿದ್ದ ಮಾಸ್ತರರು ಒಂದು ಸಾಲಿಗೆ ಬಂದು ಓದು ನಿಲ್ಲಿಸಿದರು. 'ತಂದೆ ಕೂಗಿದಾಗ ಓಣಿಯ ಎಲ್ಲ ಬಾಗಿಲುಗಳೂ ಮುಚ್ಚಿದ್ದವು' ಎಂದಿತ್ತು ಆ ಸಾಲು.

"ಇದು ಬೇಕೇನು?"

"ಸುಳ್ಳೇನ್ರಿ, ಮಾಸ್ತರ?"

ಮಾಸ್ತರರು ಎದುರಿನ ತಮ್ಮ ಮನೆಯ ಬಾಗಿಲ ಕಡೆ ನೋಡಿದರು.

"ಸುಳ್ಳಲ್ಲ. ನಾನೂ ಚಿಲಕಾ ಹಾಕ್ಕೊಂಡು ಕುಂತಿದ್ದೆ. ಆದ್ರ ಇದನ್ನ ಓದಿದ್ರ ಕಾಲೇಜಿನವ್ರು ಅಂಜ್ತಾರ, ಈಕಿ ಮನಸಿನ್ಯಾಗ ಸಿಟ್ಟದ ಅಂತಾರ. ನಾ ಅಳಸಂಗಿಲ್ಲ. ನೀನೇ ನೋಡು."

ಪೆನ್ಸಿಲನ್ನು ಅವಳತ್ತ ಸರಿಸಿದರು. ಒಳಗೆ ಅಮ್ಮಿ ಯಾರದೋ ಮದುವೆಯ ಬಟ್ಟೆ ಹೊಲಿಯುತ್ತಿದ್ದಳು. ಕುಬರಾ ಸಾಲನ್ನು ಹೊಡೆದುಹಾಕಿ, 'ಕಳೆದ ವರ್ಷ ತಂದೆ ತೀರಿಕೊಂಡರು' ಎಂದು ಬರೆದಳು.

ಜುಲೈ ತಿಂಗಳಲ್ಲಿ ಸೀಟು ಸಿಕ್ಕ ಪತ್ರ ಬಂತು. ತಂದೆಯನ್ನು ಕಳೆದುಕೊಂಡರೂ ಕಹಿಯಿಲ್ಲದೆ ಬರೆದ ನಿನ್ನ ಶೈಲಿ ಮೆಚ್ಚಿಕೆಯಾಯಿತು ಎಂದು ಕೆಳಗೆ ಯಾರೋ ಕೈಯಿಂದ ಬರೆದಿದ್ದರು. ಮಾಸ್ತರರು ಅದನ್ನು ಓದಿ, ಜೋರಾಗಿ ಹೇಳಲಾರದೆ ಪತ್ರ ಮಡಚಿದರು.

"ಏನ್ ಬರದಾರ್ರಿ?" ಅಮ್ಮಿ ಕೇಳಿದಳು.

"ಛಂದ ಬರದಾಳ ಅಂದಾರ" ಎಂದಳು ಕುಬರಾ, ಮಾಸ್ತರರು ಬಾಯಿ ತೆರೆಯುವ ಮೊದಲೇ.

ಅಮ್ಮಿ ಕಣ್ಣೊರೆಸಿಕೊಳ್ಳುತ್ತ ಚಹಾ ಮಾಡಲು ಎದ್ದಳು. ಚಹಾ ಬರುವ ತನಕ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.